ಒಂದು ವಾರದ ಓದು, ಒಂದು ಗಂಟೆಯ ಉತ್ತರ

ಕಾಲೇಜು ಮೆಟ್ಟಿಲೇರುವ ಮುಂಚಿನ ತರಗತಿಗಳಲ್ಲಿ, ಹಿಂದೆಂದೂ ಕಾಣದ ಇಂಗ್ಲಿಷ್ ಬರಹವೊಂದನ್ನು ಪರೀಕ್ಷೆಯಲ್ಲಿ ಕೊಟ್ಟು ‘ವಿಶ್ಲೇಷಿಸಿ’ ಎನ್ನುವ ಪದ್ಧತಿಗೆ ವಿಮರ್ಶಕ ಐ. ಎ. ರಿಚರ್ಡ್ಸ್ ಮೂಲಪುರುಷರೆಂಬ ಮಾತು ರೂಢಿಯಾಗಿಬಿಟ್ಟಿದೆ. ಹಿರಿಯ ವಿದ್ವಾಂಸರು ಬರೆದರು, ನಾವು ಒಪ್ಪಿಕೊಂಡೆವು. ರಿಚರ್ಡ್ಸ್‌ರ 1929ರ ಕೃತಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ನ ಪೀಠಿಕೆಯನ್ನು ನಿಧಾನವಾಗಿ ಓದಿದವರು ಇದನ್ನು ಒಪ್ಪುವುದು ಕಷ್ಟ.

ಕೇಂಬ್ರಿಜ್‌ನ ತರಗತಿಯಲ್ಲಿ ರಿಚರ್ಡ್ಸ್ ಕವಿಯ ಹೆಸರಿಲ್ಲದ ಕವಿತೆಗಳನ್ನು ಹಂಚಿದ ಸಂಗತಿಯನ್ನು ಎಲ್ಲರೂ ಎತ್ತಿಹೇಳುತ್ತಾರೆ. ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ಟಿಪ್ಪಣಿ ಬರೆಯಲು ವಿದ್ಯಾರ್ಥಿಗಳಿಗೆ ಒಂದು ವಾರದ ಸಮಯವಿತ್ತು. ಪ್ರತಿ ಕವಿತೆಯನ್ನು ಎಷ್ಟು ಸಲ ಓದಿದೆವೆಂದು ಅವರು ನಮೂದಿಸಬೇಕಿತ್ತು. ಆ ಲೆಕ್ಕವೂ ಬಿಗಿಯಾದದ್ದೇ: ಕುಳಿತಲ್ಲೇ ಹಲವು ಬಾರಿ ಓದಿದರೂ ಒಂದೇ ಸ್ಪಂದನ ಬೆಳೆಯುತ್ತಾ ಹೋಗಿದ್ದರೆ ಅದು ಒಂದು ಓದು ಮಾತ್ರ. ಹಾಗೆ ಎಣಿಸಿದರೂ ನಾಲ್ಕಕ್ಕಿಂತ ಕಡಿಮೆ ಓದಿದವರು ವಿರಳ. ಹತ್ತು ಹನ್ನೆರಡಕ್ಕೆ ಮುಟ್ಟಿದ ಸಂದರ್ಭಗಳೂ ಇದ್ದವು.

ಈ ಎಣಿಕೆ ವಿದ್ಯಾರ್ಥಿಗಳು ತಾವೇ ಬರೆದುಕೊಟ್ಟದ್ದು, ಅದಕ್ಕೇನು ಬೆಲೆ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಅವರು ನಿಜಕ್ಕೂ ಅಷ್ಟು ಸಲ ಓದಿದರು ಎಂಬುದಕ್ಕೆ ಇದನ್ನು ಆಧಾರವಾಗಿ ನಾನೂ ಬಳಸುವುದಿಲ್ಲ. ಆದರೆ ನಮ್ಮ ಪ್ರಶ್ನೆ ಬೇರೆ: ರಿಚರ್ಡ್ಸ್ ಯಾವುದನ್ನು ಓದು ಎಂದು ಕರೆದರು? ಕವಿತೆಗೆ ಮರಳಿ ಮರಳಿ ಬರುವುದನ್ನು. ಅಷ್ಟಾದ ಮೇಲೂ ಬುದ್ಧಿವಂತ ಹುಡುಗರು ಎಡವುತ್ತಿದ್ದರಲ್ಲ, ಅದೇ ರಿಚರ್ಡ್ಸ್‌ರನ್ನು ಕಾಡಿದ್ದು. ಮುಂದಿನ ವಾರದ ಉಪನ್ಯಾಸದಲ್ಲಿ ಅವರು ಕವಿತೆಗಳಿಗಿಂತ ಹೆಚ್ಚಾಗಿ ಈ ಟಿಪ್ಪಣಿಗಳ ಬಗ್ಗೆಯೇ ಮಾತನಾಡುತ್ತಿದ್ದರು. ಎಡವಿದ್ದಕ್ಕೆ ಅವರು ಗುರುತಿಸಿದ ಹತ್ತು ತೊಡಕುಗಳಲ್ಲಿ ಮೊದಲನೆಯದು ಕವಿತೆಯ ನೇರ ಅರ್ಥವೇ ದಕ್ಕದಿರುವುದು. ವೈದ್ಯ ರೋಗ ಪತ್ತೆಮಾಡಲು ಇಟ್ಟುಕೊಂಡ ಉಪಕರಣವನ್ನು ಆಮೇಲಿನವರು ಅಂಕ ಹಾಕುವ ತಕ್ಕಡಿ ಮಾಡಿಕೊಂಡರು.

ಇಂಥ ಪರೀಕ್ಷೆಗಳು ಕೇಳುವ ವಾದದ ವಿಶ್ಲೇಷಣೆಯ ವಿಷಯಕ್ಕೆ ಬಂದರೆ ರಿಚರ್ಡ್ಸ್‌ಗಿಂತ ವಿಮರ್ಶಕ ಎಫ್. ಆರ್. ಲೀವಿಸ್ ಮತ್ತು ಶಾಲಾ ಶಿಕ್ಷಕರಾಗಿದ್ದ ಡೆನಿಸ್ ಥಾಂಪ್ಸನ್ 1933ರಲ್ಲಿ ತಂದ ‘ಕಲ್ಚರ್ ಅಂಡ್ ಎನ್ವಿರಾನ್‌ಮೆಂಟ್’ ಹೆಚ್ಚು ಹತ್ತಿರದ ಪೂರ್ವಜ. ಜಾಹೀರಾತು ಓದುಗನನ್ನು ಹೇಗೆ ಒಲಿಸಿಕೊಳ್ಳುತ್ತದೆ ಎಂದು ಬಿಡಿಸಿ ನೋಡುವ ಅಭ್ಯಾಸಗಳನ್ನು ಅವರು ಶಾಲೆಗಳಿಗೆಂದೇ ಕೊಟ್ಟರು. ಲೀವಿಸ್‌ರ ಕವಿತಾವಿಮರ್ಶೆಯನ್ನು ಮಾತ್ರ ಬಲ್ಲವರು ಈ ಪುಸ್ತಕವನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಅನ್ಯಾಯ.

ಈ ಪದ್ಧತಿಗೆ ಇಂದಿನ ಒಂದು ಉದಾಹರಣೆ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹನ್ನೆರಡನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಓದಿಕೊಳ್ಳಲು 15 ನಿಮಿಷ, ಬರೆಯಲು ಮೂರು ಗಂಟೆ. ಅಷ್ಟರಲ್ಲಿ ಮೂರು ಬರವಣಿಗೆ ಮುಗಿಯಬೇಕು. ಅವುಗಳಲ್ಲಿ ಒಂದು, ಮೊದಲ ಸಲ ಕಣ್ಣಿಗೆ ಬಿದ್ದ ಬರಹ ತನ್ನ ವಾದ ಮತ್ತು ಮಾತಿನಿಂದ ಓದುಗರನ್ನು ಹೇಗೆ ಒಪ್ಪಿಸುತ್ತದೆ ಎಂಬುದರ ವಿಶ್ಲೇಷಣೆ. ಬರಹದ ಜೊತೆಗಿರುವ ಚಿತ್ರವನ್ನೂ ಬಿಡುವಂತಿಲ್ಲ. ಇಲ್ಲಿ ಲೀವಿಸ್–ಥಾಂಪ್ಸನ್‌ರ ಪ್ರಶ್ನೆ ಉಳಿದಿದೆ, ರಿಚರ್ಡ್ಸ್ ಕೊಟ್ಟ ವಾರ ಉಳಿದಿಲ್ಲ. ಗಡಿಯಾರದ ಕೆಳಗಿನ ಈ ಬರವಣಿಗೆಯ ಮೂಲ ಹುಡುಕುವವರು ವಿಮರ್ಶಕರ ಗ್ರಂಥಗಳನ್ನು ಬದಿಗಿಟ್ಟು ಪರೀಕ್ಷಾ ಮಂಡಳಿಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆರೆಯಬೇಕು.