ಮಾರ್ಟ್‌ಗೇಜ್: ಸತ್ತ ಒತ್ತೆಯ ಕಥೆ

ಮನೆ ಸಾಲದ ಕಾಗದಪತ್ರಗಳಲ್ಲಿ ಕಾಣುವ ‘ಮಾರ್ಟ್‌ಗೇಜ್’ ಎಂಬ ಪದ ಇಂಗ್ಲಿಷ್‌ಗೆ ಬಂದದ್ದು ಹಳೆಯ ಫ್ರೆಂಚ್‌ನಿಂದ. ‘ಮೊರ್ಟ್’ ಎಂದರೆ ಸತ್ತದ್ದು, ‘ಗಾಜ್’ ಎಂದರೆ ಒತ್ತೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಭೂಮಿ, ಸಾಲ, ವ್ಯಾಜ್ಯಗಳ ಮಾತೆಲ್ಲ ಫ್ರೆಂಚ್ ಬಣ್ಣ ಪಡೆಯಿತು. ಈ ಪದವೂ ಆ ದಾರಿಯಲ್ಲೇ ಬಂತು. ಅದರ ‘ಟ’ಕಾರ ಇಂದು ಬರಹದಲ್ಲಷ್ಟೇ ಇದೆ, ಇಂಗ್ಲಿಷರ ಬಾಯಲ್ಲಿ ಅದು ‘ಮಾರ್ಗೇಜ್’. ವಿಚಿತ್ರವೆಂದರೆ ಫ್ರಾನ್ಸಿನಲ್ಲಿ ಈಗ ಈ ಪದದ ಬಳಕೆಯಿಲ್ಲ. ಅಲ್ಲಿ ಅಡಮಾನಕ್ಕೆ ಗ್ರೀಕ್ ಮೂಲದ ‘ಇಪೊತೆಕ್’ ಎನ್ನುತ್ತಾರೆ.

ಒತ್ತೆ ಸಾಯುವುದೆಂದರೇನು? ಹಳೆಯ ಉತ್ತರ ಸಿಗುವುದು ರಾಜ ಎರಡನೆಯ ಹೆನ್ರಿಯ ಆಳ್ವಿಕೆಯ ಕೊನೆಯಲ್ಲಿ, 1188ರ ಸುಮಾರಿಗೆ, ಲ್ಯಾಟಿನ್‌ನಲ್ಲಿ ರಚನೆಯಾದ, ಗ್ಲಾನ್‌ವಿಲ್ ಎಂಬವನ ಹೆಸರಿನಲ್ಲಿರುವ ಕಾನೂನು ಗ್ರಂಥದಲ್ಲಿ. ಸಾಲ ಕೊಟ್ಟವನು ಒತ್ತೆಯ ಹೊಲವನ್ನು ತಾನೇ ಉತ್ತು ಉಣ್ಣುತ್ತಿದ್ದ ಕಾಲ ಅದು. ಆ ಬೆಳೆಯ ಹುಟ್ಟುವಳಿ ಅಸಲಿಗೆ ಜಮೆಯಾದರೆ ಸಾಲ ತಾನಾಗಿ ಕರಗುತ್ತದೆ. ಇಂಥದ್ದನ್ನು ಮುಂದೆ ‘ಜೀವಂತ ಒತ್ತೆ’ ಎಂದರು. ಹುಟ್ಟುವಳಿಯೆಲ್ಲ ಸಾಲಿಗನ ಕಣಜ ಸೇರಿ ಅಸಲು ಒಂದು ಕಾಸೂ ಇಳಿಯದಿದ್ದರೆ ಅದು ಸತ್ತ ಒತ್ತೆ. ಸಾಲಗಾರನ ಪಾಲಿಗೆ ಆ ಹೊಲ ದುಡಿಯುತ್ತಲೇ ಇರಲಿಲ್ಲ. ಚರ್ಚಿನ ಕಣ್ಣಿಗೆ ಇದು ಮರೆಮಾಚಿದ ಬಡ್ಡಿ. 1163ರ ಟೂರ್ಸ್ ಧರ್ಮಸಭೆ ಪಾದ್ರಿಗಳಿಗೆ ಇಂಥ ವ್ಯವಹಾರವನ್ನು ನಿಷೇಧಿಸಿತು. ಗ್ಲಾನ್‌ವಿಲ್ ಗ್ರಂಥವೂ ಇದನ್ನು ಅನ್ಯಾಯವೆಂದೇ ಕರೆಯುತ್ತದೆ, ಆದರೆ ರಾಜನ ನ್ಯಾಯಾಲಯ ಅದನ್ನು ತಡೆಯುವುದಿಲ್ಲವೆನ್ನುತ್ತದೆ.

ಮುಂದೆ ವ್ಯವಹಾರದ ರೀತಿ ಬದಲಾಯಿತು, ಪದದ ಅರ್ಥವೂ ಹೊರಳಿತು. 15ನೆಯ ಶತಮಾನದ ನ್ಯಾಯಾಧೀಶ ಥಾಮಸ್ ಲಿಟಲ್‌ಟನ್ ಕೊಟ್ಟ ವಿವರಣೆಯೇ ಬೇರೆ: ಗೊತ್ತಾದ ದಿನ ಹಣ ತೀರಿಸದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆ ಸಾಲಿಗನ ಪಾಲಿಗೆ ಸತ್ತಂತೆ. ಇಂದಿಗೂ ಜನಪ್ರಿಯವಾಗಿರುವುದು ಈ ವಿವರಣೆಯೇ, ಆದರೆ ಪದ ಹುಟ್ಟಿದ ಹೊತ್ತಿನ ಕಟು ಅರ್ಥ ಇದರಲ್ಲಿಲ್ಲ. ಒಂದು ದಿನ ತಡವಾದರೂ ಭೂಮಿ ಹೋಗುತ್ತಿದ್ದ ಕ್ರೌರ್ಯವನ್ನು 17ನೆಯ ಶತಮಾನದಲ್ಲಿ ಚಾನ್ಸರಿ ನ್ಯಾಯಾಲಯ ತಗ್ಗಿಸಿತು. ಗಡುವು ಮೀರಿದರೂ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹೀಗೆ ಬಂತು. ಆ ಹಕ್ಕಿಗೆ ಕೊನೆ ಹಾಡುವ ‘ಫೋರ್‌ಕ್ಲೋಷರ್’ ಕೂಡ ಫ್ರೆಂಚ್ ಪದವೇ. ಹೊರಗಿಟ್ಟು ಬಾಗಿಲು ಹಾಕುವುದು ಎಂದದರ ಅರ್ಥ.

ಒತ್ತೆ ಯಾವಾಗ ಸಾಯುತ್ತದೆ ಎಂಬ ಪ್ರಶ್ನೆಯನ್ನು ಭಾರತದ ಧರ್ಮಶಾಸ್ತ್ರವೂ ಎದುರಿಸಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಅಲ್ಲಿ ಒತ್ತೆಗೆ ‘ಆಧಿ’ ಎಂದು ಹೆಸರು. ಜೋಪಾನವಾಗಿಡಬೇಕಾದ್ದು ಗೋಪ್ಯ, ಅನುಭವಿಸಬಹುದಾದ್ದು ಭೋಗ್ಯ. ಗೋಪ್ಯವಾದ ಒತ್ತೆಯನ್ನು ಬಳಸಿಕೊಂಡವನಿಗೆ ಬಡ್ಡಿಯಿಲ್ಲ. ಸಾಲ ಎರಡರಷ್ಟಾದರೂ ಬಿಡಿಸಿಕೊಳ್ಳದ ಆಧಿ ಒಡೆಯನ ಕೈತಪ್ಪುತ್ತದೆ. ಆದರೆ ಫಲವನ್ನು ಉಣ್ಣಲು ಕೊಟ್ಟ ಆಧಿ ನಾಶವಾಗದು. ಲಿಟಲ್‌ಟನ್ನನ ಒತ್ತೆ ಸಾಯುವ ಕಡೆ ಸ್ಮೃತಿಯ ಭೋಗ್ಯ ಉಳಿಯುತ್ತದೆ.

1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮಾರ್ಟ್‌ಗೇಜ್ ಪದವನ್ನು ಭಾರತದ ಕಾನೂನಿನಲ್ಲಿ ನೆಲೆಗೊಳಿಸಿತು. ಅದರ 58ನೆಯ ಕಲಮಿನಲ್ಲಿ ಭೋಗ್ಯದ ಅಡಮಾನಕ್ಕೂ ಜಾಗವಿದೆ: ಸ್ವತ್ತಿನ ಉತ್ಪತ್ತಿಯನ್ನು ಬಡ್ಡಿಗೆ ಹಿಡಿಯಬಹುದು, ಅಸಲಿಗೂ ಹಿಡಿಯಬಹುದು. ಸತ್ತ ಒತ್ತೆ, ಜೀವಂತ ಒತ್ತೆ ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ. ಬೆಂಗಳೂರಿನಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕದ ಹಿಂದಿನ ಕರಾರೂ ಇದೇ ಬಗೆಯದು. ಇಡಿಗಂಟು ಮೊತ್ತ ಕೊಟ್ಟವರು ಬಾಡಿಗೆಯಿಲ್ಲದೆ ವಾಸವಿರುತ್ತಾರೆ, ಅವಧಿ ಮುಗಿದಾಗ ಮನೆಯೊಡೆಯ ಆ ಮೊತ್ತವನ್ನು ಪೂರ್ತಿ ಹಿಂತಿರುಗಿಸುತ್ತಾನೆ. ಎಷ್ಟು ವರ್ಷ ವಾಸವಿದ್ದರೂ ಅಸಲು ಇಳಿಯುವುದಿಲ್ಲ. ಗ್ಲಾನ್‌ವಿಲ್ ಗ್ರಂಥದ ಲೆಕ್ಕದಲ್ಲಿ ಅದು ಸತ್ತ ಒತ್ತೆ.