ಶೇಂಗಾ ತಿಂದರೆ ಎದೆಗೆ ಕೇಡೇ?

ಝಳಕಿಯ ಕಡೆಯಿಂದ ಫೋನು ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅರವತ್ತರ ಗಡಿ ದಾಟಿದವರು. ಕುಶಲೋಪರಿ ಮುಗಿದ ಮೇಲೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸರ್, ಕೊಲೆಸ್ಟ್ರಾಲ್ ಹೆಚ್ಚಾಗೇದ ಅಂದಾರ, ಶೇಂಗಾ ಬಿಡಬೇಕೇನ್ರಿ?" ನಾನು ಇತಿಹಾಸ ಕಲಿಸಿದವನು, ವೈದ್ಯನಲ್ಲ. ಆದರೆ ಈ ಭಯಕ್ಕೂ ಒಂದು ಇತಿಹಾಸವಿದೆ.

ಮೊದಲಿಗೆ, ಶೇಂಗಾ ನಮ್ಮ ನೆಲದ ಬೆಳೆಯಲ್ಲ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಅದು ಕೊಲಂಬಸನ ಯಾನದ ತರುವಾಯ ಯುರೋಪಿನವರ ಹಡಗುಗಳಲ್ಲಿ ಜಗತ್ತಿಗೆ ಹರಡಿತು. ಬಸವಣ್ಣನವರ ಕಾಲದ ಬಾಗೇವಾಡಿಯಲ್ಲಿ ಯಾರೂ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದಿರಲಾರರು! ಎಳ್ಳು, ಅಗಸಿ, ಗುರೆಳ್ಳು, ಕುಸುಬಿಗಳೇ ಹಳೆಯ ಎಣ್ಣೆಕಾಳುಗಳು. ಮೈಸೂರು ಸೀಮೆಯವರು ಇದನ್ನು ಕಡಲೆಕಾಯಿ ಎಂದರೆ, 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಾವು ಮರಾಠಿಯೊಡನೆ ಹಂಚಿಕೊಂಡ ಹೆಸರಿನಿಂದ ಕರೆದೆವು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಬದಾಮಿಯ ಬಳಗವಲ್ಲ, ತೊಗರಿಯ ದಾಯಾದಿ.

ಇನ್ನು ಭಯದ ಕಥೆ. 1913ರಲ್ಲಿ ರಷ್ಯಾದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳಗಳು ಕೆಡುವುದನ್ನು ತೋರಿಸಿದನು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ಆರಂಭವಾದ ದೀರ್ಘ ಅಧ್ಯಯನ, ರಕ್ತದ ಕೊಲೆಸ್ಟ್ರಾಲಿಗೂ ಹೃದಯಾಘಾತಕ್ಕೂ ಇರುವ ನಂಟನ್ನು ಮನುಷ್ಯರಲ್ಲಿಯೇ ಕಂಡಿತು. ಅಲ್ಲಿಂದ ಮುಂದೆ ಜಿಡ್ಡೆಂದರೆ ವೈರಿ ಎಂಬ ಭಾವನೆ ಬೆಳೆಯಿತು. 1970ರ ದಶಕದಲ್ಲಿ ಶೇಂಗಾ ಎಣ್ಣೆ ಮೊಲಗಳ ರಕ್ತನಾಳ ಕೆಡಿಸಿತೆಂಬ ವರದಿಗಳೂ ಬಂದವು. ಮೊಲ ಹುಲ್ಲು ಮೇಯುವ ಪ್ರಾಣಿ. ಅದರ ಮೇಲಿನ ತೀರ್ಪನ್ನು ನಮ್ಮ ತಟ್ಟೆಗೆ ನೇರವಾಗಿ ತರುವುದು ನನಗಂತೂ ಸರಿಕಾಣದು. ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿರುವುದು ನಿಜ. ಆದರೆ ಅದರ ಹೆಚ್ಚಿನ ಪಾಲು ಅಪರ್ಯಾಪ್ತ ಕೊಬ್ಬು. ಕೊಲೆಸ್ಟ್ರಾಲ್ ಇಲ್ಲವೆಂದೇ ಹೇಳಬೇಕು. ಅದರಲ್ಲಿನ ಸಸ್ಯಜನ್ಯ ಸ್ಟೆರಾಲುಗಳು ಕರುಳಿನಲ್ಲಿ ಕೊಲೆಸ್ಟ್ರಾಲು ಹೀರಲ್ಪಡುವುದನ್ನೇ ತಡೆಯುತ್ತವೆ.

ಗಾಳಿ ತಿರುಗಿದ್ದು 1992ರಲ್ಲಿ. ಕ್ಯಾಲಿಫೋರ್ನಿಯದ 31,208 ಅಡ್ವೆಂಟಿಸ್ಟ್ ಕ್ರೈಸ್ತರ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬೀಜಗಳನ್ನು ತಿನ್ನುವವರಲ್ಲಿ ಹೃದಯಾಘಾತ ಸುಮಾರು ಅರ್ಧದಷ್ಟೇ ಕಂಡಿತು. ಅವರು ತಿಂದ ಬೀಜಗಳಲ್ಲಿ ಮೂರರಲ್ಲೊಂದು ಪಾಲು ಶೇಂಗಾ ಎಂಬುದನ್ನು ಗಮನಿಸಿರಿ. 2010ರಲ್ಲಿ 25 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಸರಾಸರಿ 67 ಗ್ರಾಂ ಬೀಜ ತಿಂದವರ ಕೆಟ್ಟ ಕೊಲೆಸ್ಟ್ರಾಲು ಶೇಕಡಾ 7.4ರಷ್ಟು ಇಳಿದಿತ್ತು. ನನಗೆ ಹೆಚ್ಚು ಹಿಡಿಸಿದ್ದು 2015ರ ವರದಿ: ಅಮೆರಿಕದ ದಕ್ಷಿಣ ರಾಜ್ಯಗಳ ಬಡವರು ಮತ್ತು ಶಾಂಘೈ ನಗರದವರು ಸೇರಿ ಎರಡು ಲಕ್ಷಕ್ಕೂ ಮಿಕ್ಕ ಜನ. ಅಮೆರಿಕದ ಆ ಬಡವರು ತಿನ್ನುತ್ತಿದ್ದುದು ಬದಾಮಿ ಅಕ್ರೋಡುಗಳಿಗಿಂತ ಹೆಚ್ಚಾಗಿ ಅಗ್ಗದ ಶೇಂಗಾವನ್ನೇ. ಎರಡೂ ಕಡೆ ಹೆಚ್ಚು ತಿನ್ನುವವರಲ್ಲಿ ಸಾವು ಕಡಿಮೆಯಿತ್ತು. ಇವು ಕಂಡ ನಂಟುಗಳೇ ಹೊರತು ಕಾರಣದ ಪೂರ್ಣ ಸಾಕ್ಷ್ಯವಲ್ಲ ಎಂಬುದನ್ನೂ ಹೇಳಬೇಕು.

ಆದ್ದರಿಂದ ನನ್ನ ಉತ್ತರ: ವೈದ್ಯರು ಕೊಟ್ಟ ಗುಳಿಗೆ ಬಿಡಬೇಡಿರಿ, ಹುರಿದ ಶೇಂಗಾ ದಿನಕ್ಕೊಂದು ಹಿಡಿ ತಿನ್ನಿರಿ. ಎಣ್ಣೆಯಲ್ಲಿ ಕರಿದು ಉಪ್ಪು ಸವರಿದ್ದು ಬೇರೆ ಮಾತು. ಬೆಲ್ಲದ ಶೇಂಗಾ ಹೋಳಿಗೆ ನಾಲ್ಕು ತಿಂದು ನನ್ನ ಹೆಸರು ಹೇಳಬೇಡಿರಿ. ಬೂಸರು ಹಿಡಿದ ಕಾಳನ್ನಂತೂ ಹಿಂಡಿಗೂ ಹಾಕದೆ ಚೆಲ್ಲಿರಿ: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸರು ಹಿಡಿದ ಶೇಂಗಾ ಹಿಂಡಿಯ ಮೇವಿನಿಂದಲೇ, ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷದಿಂದ.