ಮಾಡು ಬದಲಿಸುವ ಲೆಕ್ಕ: ಮುಳಿಹುಲ್ಲಿನಿಂದ ತಗಡಿನವರೆಗೆ

ಏಪ್ರಿಲ್ ಬಂತೆಂದರೆ ಕರಾವಳಿ, ಮಲೆನಾಡಿನ ಹಳೆ ಹಂಚಿನ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಹಂಚು ತೆಗೆಸಿ ಶೀಟು ಹಾಕಿಸುವುದೋ, ಇಲ್ಲ ಇನ್ನೊಂದು ಮಳೆಗಾಲ ಹೀಗೇ ದಾಟಿಸುವುದೋ? ಶೀಟಿನವರು ಫೋನಿನಲ್ಲೇ ಚದರ ಅಡಿಗೆ ಇಷ್ಟು ಎಂದು ದರ ಹೇಳಿಬಿಡುತ್ತಾರೆ. ಬಡಗಿ ಮಾತ್ರ ಮೇಲೆ ಹತ್ತಿ ನೋಡದೆ ಬಾಯಿ ಬಿಡುವುದಿಲ್ಲ. ಇಬ್ಬರಲ್ಲಿ ಬಡಗಿಯೇ ಸರಿ. ಯಾಕೆಂದರೆ ನಮ್ಮ ಊರುಗಳಲ್ಲಿ ಮಾಡಿನ ಖರ್ಚು ಯಾವ ಕಾಲದಲ್ಲೂ ಮೇಲೆ ಕಾಣುವ ಹೊದಿಕೆಯದ್ದಾಗಿರಲಿಲ್ಲ. ಅದು ಹೊದಿಕೆಯ ಕೆಳಗಿರುವ ಮರದ್ದು, ಮೇಲೆ ಹತ್ತುವ ಆಳಿನದ್ದು, ಮತ್ತು ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೇವೆ ಎಂಬ ಧೈರ್ಯದ್ದು.

ಹುಲ್ಲಿನ ಮನೆಯಿಂದ ಶುರು ಮಾಡೋಣ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಹೆಚ್ಚಿನ ಜನ ಬಾಳಿದ್ದು ಮುಳಿಹುಲ್ಲು, ಅಡಿಕೆ ಸೋಗೆ, ಹೆಣೆದ ತೆಂಗಿನ ಮಡಲಿನ ಕೆಳಗೆ. ಮೂಡುಬಿದಿರೆಯ ಬಸದಿಗಳಿಗೆ, ಭಟ್ಕಳದ ಹಳೆ ದೇವಸ್ಥಾನಗಳಿಗೆ ಕಲ್ಲಿನ ಚಪ್ಪಡಿಯನ್ನೇ ಇಳಿಜಾರಾಗಿ ಹೊದಿಸಿದ್ದಾರೆ, ಅದು ಬೇರೆ ವಿಷಯ. ಅನುಕೂಲಸ್ಥರ ಮನೆಗೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚೂ ಇತ್ತು. ಉಳಿದವರಿಗೆ ಹುಲ್ಲೇ.

ಹುಲ್ಲಿನ ಮಾಡಿಗೆ ಅಂದಾಜು ಪಟ್ಟಿ ಬರೆಯುವವರು ಇರಲಿಲ್ಲ, ಆದರೆ ಲೆಕ್ಕ ಇತ್ತು. ಇಷ್ಟು ಹೊರೆ ಹುಲ್ಲು, ಇಷ್ಟು ಬಿದಿರಿನ ಗಳ, ಕಟ್ಟಲು ಇಷ್ಟು ಬಳ್ಳಿ, ಹೊದಿಸಲು ಇಷ್ಟು ಆಳು. ಆಳಿಗೆ ದುಡ್ಡು ಕೊಡುವ ಬದಲು ಮುಯ್ಯಾಳು: ಇವತ್ತು ನಿಮ್ಮ ಮಾಡಿಗೆ ನಾವು, ನಾಳೆ ನಮ್ಮ ಮಾಡಿಗೆ ನೀವು. ಸೋಗೆಯಾದರೆ ಪ್ರತಿ ವರ್ಷ, ಚೆನ್ನಾಗಿ ಹೊದಿಸಿದ ಮುಳಿಹುಲ್ಲಾದರೆ ಎರಡು ವರ್ಷ ಹೇಗೋ ತಳ್ಳಬಹುದು. ಅಂದರೆ ಮಾಡು ಎಂಬುದು ಒಂದು ಸಲ ಕೊಂಡು ಮುಗಿಸುವ ವಸ್ತುವಲ್ಲ. ಬಿತ್ತನೆ, ಕೊಯ್ಲಿನ ಹಾಗೆ ವರ್ಷವರ್ಷದ ಕೆಲಸ. ಹುಲ್ಲು ಅಗ್ಗ ಎನ್ನುವವರು ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಬೆಂಕಿಯ ಭಯವಂತೂ ಯಾವ ಲೆಕ್ಕಕ್ಕೂ ಸಿಗದು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 1865. ಆ ವರ್ಷ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಗೇಯೋರ್ಗ್ ಪ್ಲೆಬ್ಸ್ಟ್ ಎಂಬಾತ ಅದರ ರೂವಾರಿ. ಪತ್ರಿಕೋದ್ಯಮ ಓದಿದ ನಮಗೆಲ್ಲ ಬಾಸೆಲ್ ಮಿಷನ್ ಎಂದರೆ 1843ರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಆದರೆ ಊರ ಜನರ ಬದುಕಿನೊಳಗೆ ನೇರವಾಗಿ ಇಳಿದದ್ದು ಪತ್ರಿಕೆಗಿಂತ ಹಂಚು ಎಂದೇ ನನಗೆ ಅನ್ನಿಸುತ್ತದೆ. ಮತಾಂತರವಾಗಿ ಕುಲಕಸುಬು, ನೆಂಟಸ್ತಿಕೆ ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ಮಿಷನ್ ಮೊದಲು ನೇಯ್ಗೆ ಹಿಡಿಯಿತು, ಆಮೇಲೆ ಹಂಚು. ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಒಳ್ಳೆಯ ಜೇಡಿಮಣ್ಣು ಸಿಗುತ್ತಿತ್ತು, ದೋಣಿಯಲ್ಲಿ ಸಾಗಿಸಬಹುದಿತ್ತು, ಸುಡಲು ಸೌದೆಯೂ ಇತ್ತು.

ಹಂಚಿನ ಆಕಾರ ಮಾತ್ರ ಇಲ್ಲಿಯದಲ್ಲ. ಒಂದಕ್ಕೊಂದು ಕೊಕ್ಕೆ ಹಾಕಿದಂತೆ ಕೂರುವ ಚಪ್ಪಟೆ ಹಂಚನ್ನು ಫ್ರಾನ್ಸಿನ ಆಲ್ಸೇಸ್ ಸೀಮೆಯ ಗಿಲಾರ್ಡೋನಿ ಸಹೋದರರು ರೂಪಿಸಿ 1841ರಲ್ಲಿ ಪೇಟೆಂಟ್ ಪಡೆದಿದ್ದರು. ಮಂಗಳೂರು ಹಂಚು ಅದೇ ವಂಶದ್ದು. ನಾಡಹಂಚನ್ನು ಒಂದರ ಮೇಲೊಂದು ದಪ್ಪಗೆ ಕವುಚಬೇಕಿತ್ತು, ಕೋತಿ ಓಡಿದರೆ ಜಾರುತ್ತಿತ್ತು. ಇದರಲ್ಲಿ ಅಂಚಿನ ಕಾಲುವೆ ಪಕ್ಕದ ಹಂಚನ್ನು ಹಿಡಿಯುತ್ತದೆ, ಹಿಂಬದಿಯ ಮೂಗು ರೀಪಿಗೆ ನೇತುಬೀಳುತ್ತದೆ. ಕಡಿಮೆ ಹಂಚಿನಲ್ಲಿ ಹೆಚ್ಚು ಜಾಗ ಮುಚ್ಚುತ್ತದೆ. ಕೆಲವೇ ವರ್ಷಗಳಲ್ಲಿ ಊರಿನ ಉದ್ಯಮಿಗಳೂ ಕಾರ್ಖಾನೆ ತೆರೆದರು. ಹಂಚು ಮುಂಬೈಗೆ, ಸಿಲೋನಿಗೆ, ಏಡನ್ನಿಗೆ, ಪೂರ್ವ ಆಫ್ರಿಕಾಕ್ಕೆ ಹಡಗೇರಿತು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನ ಕಾರ್ಖಾನೆಗಳು ಅದರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಹಂಚಿನ ಜೊತೆಗೇ ಹೊಸ ಬಗೆಯ ಲೆಕ್ಕ ಬಂತು. ಹುಲ್ಲನ್ನು ಹೊರೆಯಲ್ಲಿ ಎಣಿಸುತ್ತಿದ್ದರು, ಹಂಚನ್ನು ಸಾವಿರದಲ್ಲಿ. ಅಚ್ಚಿನಲ್ಲಿ ಒತ್ತಿದ್ದರಿಂದ ಎಲ್ಲವೂ ಒಂದೇ ಅಳತೆ. ಹಾಗಾಗಿ ಮಾಡಿನ ಉದ್ದಗಲ ಗೊತ್ತಾದರೆ ಎಷ್ಟು ಹಂಚು ಬೇಕೆಂದು ಕೂತಲ್ಲೇ ಹೇಳಬಹುದಿತ್ತು. ಊರ ಮಾಡಿಗೆ ಗುಣಾಕಾರ ಭಾಗಾಕಾರ ಹತ್ತಿದ್ದು ಆಗಲೇ.

ಆದರೆ ಹಂಚು ಕೊಂಡರೆ ಸಾಲದು, ಅದನ್ನು ಹೊರುವ ಮರ ಬೇಕು. ಒಂದು ಹಂಚು ಸುಮಾರು ಎರಡೂವರೆ ಕಿಲೋ. ಹುಲ್ಲು ಹೊರುತ್ತಿದ್ದ ಬಿದಿರಿನ ಗಳ ಇದನ್ನು ತಡೆಯದು. ತೊಲೆ, ಪಕ್ಕಾಸು, ರೀಪು ಎಲ್ಲವನ್ನೂ ಕೊಯ್ಸಿದ ಮರದಲ್ಲೇ ಮಾಡಿಸಬೇಕು; ಮಣ್ಣಿನ ಗೋಡೆಯೂ ಗಟ್ಟಿ ಇರಬೇಕು. ಜೊತೆಗೆ ಸಾಗಾಟ: ಹೊಳೆಯಲ್ಲಿ ದೋಣಿ, ಅಲ್ಲಿಂದ ಎತ್ತಿನ ಗಾಡಿ, ದಾರಿಯಲ್ಲಿ ಒಡೆದದ್ದು ಕೊಂಡವನ ತಲೆಗೆ. ಎಲ್ಲವೂ ಒಟ್ಟಿಗೆ, ಅದೂ ನಗದಾಗಿ.

ಇಲ್ಲೇ ಒಂದು ದೊಡ್ಡ ವ್ಯತ್ಯಾಸ ಹುಟ್ಟಿತು. ಸ್ವಂತ ಭೂಮಿಯವರಿಗೆ, ಗೇಣಿ ಏರದ, ಒಕ್ಕಲೆಬ್ಬಿಸಲಾಗದ ಮೂಲಗೇಣಿಯವರಿಗೆ ಈ ಖರ್ಚು ಮುಂದಿನ ಐವತ್ತು ವರ್ಷಕ್ಕೆ ಹಂಚಿಹೋಗುವಂಥದ್ದು. ಚಾಲಗೇಣಿಯ ಒಕ್ಕಲಿಗೆ ಹಾಗಲ್ಲ. ಧಣಿ ಬಿಡು ಎಂದರೆ ಬಿಟ್ಟು ಹೋಗಬೇಕಾದ ಜಾಗದಲ್ಲಿ ಯಾರು ತೊಲೆ ಕೊಯ್ಸಿ ಹಂಚು ಹೊದಿಸುತ್ತಾರೆ? ಆತ ಹುಲ್ಲಿನಲ್ಲೇ ಉಳಿದದ್ದು ಲೆಕ್ಕ ಬಾರದೆ ಅಲ್ಲ, ಲೆಕ್ಕ ಸರಿಯಾಗಿ ಬಂದದ್ದರಿಂದ. ಭೂಸುಧಾರಣೆ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನ ಹೆಸರಿಗೆ ಭೂಮಿ ಆದ ಮೇಲೆ ಈ ಲೆಕ್ಕ ಬದಲಾಯಿತು. ನಿಮ್ಮ ಊರಿನಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ: ನಿಮ್ಮ ಮನೆಗೆ ಹಂಚು ಬಂದದ್ದು ಯಾವ ವರ್ಷ, ಡಿಕ್ಲರೇಶನ್ ಆದದ್ದು ಯಾವ ವರ್ಷ? ಎರಡನ್ನೂ ಪಕ್ಕಪಕ್ಕ ಬರೆದುಕೊಂಡರೆ ಊರಿನ ಚರಿತ್ರೆಯ ಅರ್ಧ ಪುಟ ಆಗುತ್ತದೆ. ಭೂಮಿಯೇ ಇಲ್ಲದ ಕೂಲಿಯವರ, ದಲಿತರ ಕೇರಿಗಳಿಗೆ ಅದಕ್ಕೂ ತಡವಾಗಿ, ಬಹಳ ಕಡೆ ಜನತಾ ಮನೆಗಳ ಜೊತೆಗೇ ಹಂಚು ಬಂತು.

ಹಂಚು ಬಂದ ಮೇಲೂ ದುಡಿಮೆ ಪೂರ್ತಿ ತಪ್ಪಲಿಲ್ಲ, ಕಡಿಮೆಯಾಯಿತು. ಮಳೆಗೆ ಮುಂಚೆ ಹಂಚು ಕೈಯಾಡಿಸುವುದು, ಕಸ ಗುಡಿಸುವುದು, ಒಡೆದದ್ದನ್ನು ಬದಲಿಸುವುದು, ಗೆದ್ದಲು ಹಿಡಿದ ರೀಪು ತೆಗೆಯುವುದು. ಈಗ ಕಷ್ಟ ಬಂದಿರುವುದು ಇದಕ್ಕೇ. ಮೇಲೆ ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ನಾಲ್ಕು ಮನೆ ಕಾಯಿಸಿ ಬರುತ್ತಾರೆ. ಮಣ್ಣು ತೆಗೆಯುವುದು, ಸೌದೆ ತರುವುದು ದುಬಾರಿಯಾಗಿ, ಕಾಂಕ್ರೀಟಿನ ಪೈಪೋಟಿಯೂ ಸೇರಿ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜಾಗಕ್ಕೆ ಮೊದಲು ಸಿಮೆಂಟ್ ಶೀಟು, ಈಗ ಬಣ್ಣದ ತಗಡು ಬಂದಿವೆ.

ಇನ್ನು ಲೆಕ್ಕಕ್ಕೆ ಕೂರೋಣ. 30 ಅಡಿ ಉದ್ದ, 20 ಅಡಿ ಅಗಲದ ಮನೆ ಎಂದುಕೊಳ್ಳಿ. ನೆಲ 600 ಚದರ ಅಡಿ. ಎಷ್ಟೋ ಜನ ಇದನ್ನೇ ಮಾಡಿನ ಅಳತೆ ಎಂದು ಫೋನಿನಲ್ಲಿ ಹೇಳುತ್ತಾರೆ. ಆದರೆ ಮಾಡು ಗೋಡೆಯಿಂದಾಚೆ ಸುತ್ತಲೂ ಎರಡೂವರೆ ಅಡಿ ಚಾಚಿದ್ದರೆ ಕೆಳಗಿನ ಅಳತೆಯೇ 35ಕ್ಕೆ 25 ಅಡಿ, ಅಂದರೆ 875 ಚದರ ಅಡಿ. ಮೇಲೆ ಇಳಿಜಾರು ಬೇರೆ. ಅರ್ಧ ಅಗಲ ಹನ್ನೆರಡೂವರೆ ಅಡಿ. 30 ಡಿಗ್ರಿ ಇಳಿಜಾರಿನಲ್ಲಿ ನೆತ್ತಿಯಿಂದ ಅಂಚಿನವರೆಗೆ ಟೇಪು ಹಿಡಿದರೆ ಸುಮಾರು 14 ಅಡಿ 5 ಇಂಚು ಬರುತ್ತದೆ. ಎರಡೂ ಬದಿ ಸೇರಿ 1010 ಚದರ ಅಡಿ ಆಯಿತು. ಆರುನೂರು ಎಂದು ಹೊರಟವರು ಸಾವಿರಕ್ಕೆ ಬಿಲ್ಲು ಕಟ್ಟುವುದು ಹೀಗೆ. ಶೀಟಿನವರು ಮೋಸ ಮಾಡಿದರು ಎನ್ನುವ ಜಗಳಗಳಲ್ಲಿ ಕೆಲವಾದರೂ ಇಲ್ಲಿಂದ ಹುಟ್ಟಿದವು.

ಹಂಚಿನ ಎಣಿಕೆಗೆ ಪುಸ್ತಕ ನೋಡಬೇಡಿ. ಹತ್ತು ಹಂಚನ್ನು ಅಂಗಳದಲ್ಲಿ ಒಂದಕ್ಕೊಂದು ಕೂರಿಸಿ ಸಾಲಾಗಿಟ್ಟು ಅಗಲ ಅಳೆಯಿರಿ, ಹತ್ತರಿಂದ ಭಾಗಿಸಿ. ಉದ್ದಕ್ಕೆ ರೀಪಿನಿಂದ ರೀಪಿನ ಅಂತರ ನೋಡಿ. ಹಂಚು ಮುಚ್ಚುವ ಜಾಗ 14 ಇಂಚಿಗೆ 9 ಇಂಚು ಬಂದರೆ 1010 ಚದರ ಅಡಿಗೆ ಸುಮಾರು 1155 ಹಂಚು. ನೂರಕ್ಕೆ ಐದು ಒಡೆಯುತ್ತವೆ ಎಂದು ಹಿಡಿದರೆ 1210ರ ಸುತ್ತ. ನೆತ್ತಿಯ ಮೇಲೆ ಕವುಚುವ ಹಂಚು 30ರಿಂದ 35. ನಾಲ್ಕೂ ಕಡೆ ಇಳಿಜಾರಿದ್ದರೆ ಮೂಲೆಗಳಲ್ಲಿ ಹಂಚು ಕತ್ತರಿಸಬೇಕಾಗುತ್ತದೆ, ಅದಕ್ಕೆ ಇನ್ನಷ್ಟು ಸೇರಿಸಿ.

ಈಗ ಮರ. ಪಕ್ಕಾಸು ಎರಡು ಅಡಿಗೊಂದರಂತೆ ಬದಿಗೆ 19, ಎರಡೂ ಬದಿಗೆ 38. ತಲಾ ಹದಿನಾಲ್ಕೂವರೆ ಅಡಿ, ಒಟ್ಟು 551 ಅಡಿ. ನಾಲ್ಕಿಂಚು ಎರಡಿಂಚಿನ ಮರವಾದರೆ ಮೂವತ್ತೂವರೆ ಘನ ಅಡಿ. ರೀಪು ಬದಿಗೆ 13 ಸಾಲು, ಎರಡೂ ಬದಿಗೆ 910 ಅಡಿ. ಎರಡಿಂಚು ಒಂದಿಂಚಿನದಾದರೆ ಹನ್ನೆರಡೂವರೆ ಘನ ಅಡಿ. ಕೂಡಿಸಿದರೆ 43. ತೊಲೆ, ಕೊಯ್ಯುವಾಗ ಹಾಳಾಗುವ ಮರ, ಬಡಗಿಯ ಕೂಲಿ ಇದರಲ್ಲಿ ಸೇರಿಲ್ಲ. ನಿಮ್ಮ ಪೇಟೆಯ ಮರದ ದರವನ್ನು 43ರಿಂದ ಗುಣಿಸಿ, ಹಂಚಿನ ದರವನ್ನು 1210ರಿಂದ ಗುಣಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹಿಂದಿನವರು ರೀಪಿಗೆ ಅಡಿಕೆ ದಬ್ಬೆ, ಬೈನೆ ಮರ ಬಳಸಿದ್ದರ ಹಿಂದೆ ಇದೇ ಗುಣಾಕಾರ ಇದೆ.

ಹಾಗಾಗಿ ಮೊದಲು ತಿಳಿಯಬೇಕಾದ್ದು ಎಷ್ಟು ಪಕ್ಕಾಸು ಇನ್ನೂ ಗಟ್ಟಿ ಇದೆ ಎಂಬುದು. ನಾಲ್ಕಾರು ಹಂಚು ಸರಿಸಿ, ಗೋಡೆಯ ಮೇಲೆ ಕೂರುವ ತುದಿಗೆ ಮೊಳೆ ಚುಚ್ಚಿ ನೋಡಬೇಕು. ಮರ ಕೆಡಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಮರ ಗಟ್ಟಿ ಇದ್ದು ರೀಪು ಮಾತ್ರ ಹೋಗಿದ್ದರೆ ಮಾಡು ಬದಲಿಸುವ ಮಾತೇ ಬೇಡ, ರೀಪು ಬದಲಿಸಿದರೆ ಸಾಕು. ಹಂಚನ್ನು ಬೆರಳಗಂಟಿನಿಂದ ಬಡಿದು ನೋಡಿ. ಠಣ್ ಎಂದರೆ ಚೆನ್ನಾಗಿದೆ, ಬೊದ್ದು ಸದ್ದು ಬಂದರೆ ಬಿರುಕು ಇದೆ. ಪಾಚಿ ಕಟ್ಟಿದ್ದೆಲ್ಲ ಕೆಟ್ಟ ಹಂಚಲ್ಲ, ತಿಕ್ಕಿದರೆ ಹೋಗುತ್ತದೆ.

ಹೊಸದಾಗಿ ಇನ್ನೂರು ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದು ಹೋಗಿ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನೋಡಲು ಎಲ್ಲ ಒಂದೇ ಆದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಕಾಲುವೆ ಕೂದಲೆಳೆಯಷ್ಟು ಬೇರೆ. ಬೆರೆಸಿದರೆ ಕೂರುವುದಿಲ್ಲ, ಸೋರುತ್ತದೆ. ಹೊಸ ಹಂಚನ್ನೆಲ್ಲ ಒಂದೇ ಬದಿಗೆ ಹೊದಿಸಿ, ಅಲ್ಲಿಂದ ತೆಗೆದ ಹಳೆಯದನ್ನು ಇನ್ನೊಂದು ಬದಿಗೆ ತುಂಬಿಸುವುದು ಬಡಗಿಗಳ ಹಳೆ ಉಪಾಯ. ಉದ್ದದ ಅಳತೆಯೇ ಬೇರೆ ಇರುವ ಹಂಚು ತಂದರಂತೂ ಆ ಬದಿಯ ರೀಪನ್ನೆಲ್ಲ ಕಿತ್ತು ಮತ್ತೆ ಹೊಡೆಯಬೇಕು.

ಶೀಟೇ ಬೇಕು ಎಂದು ತೀರ್ಮಾನಿಸಿದವರಿಗೂ ಒಂದು ಮಾತು. ನಮ್ಮ ಮನೆಯ 1155 ಹಂಚಿನ ಭಾರ ಮೂರು ಟನ್ನಿಗೆ ಹತ್ತಿರ. ಅಷ್ಟೇ ಜಾಗದ ಅರ್ಧ ಮಿಲಿಮೀಟರ್ ತಗಡು ಅರ್ಧ ಟನ್ನೂ ಇರುವುದಿಲ್ಲ. ಭಾರ ಇಳಿಯಿತು ಎಂದು ಸಂತೋಷಪಡುವಂತಿಲ್ಲ. ಹಂಚಿನ ಮಾಡನ್ನು ಗಾಳಿಗೆ ಹಿಡಿದಿಟ್ಟದ್ದು ಆ ಭಾರವೇ. ತಗಡನ್ನು ಸ್ಕ್ರೂ ಹಾಕಿ ಹಿಡಿಸಬೇಕು, ಅದರ ಚೌಕಟ್ಟನ್ನು ಗೋಡೆಗೆ ಬಿಗಿಯಬೇಕು. ಹಳೆ ಮಣ್ಣಿನ ಗೋಡೆಯಾದರೆ ಅದಕ್ಕೆ ಬೇರೆಯೇ ಕೆಲಸ, ಬೇರೆಯೇ ಖರ್ಚು. ಕಬ್ಬಿಣದ ಪೈಪು ಕಿಲೋ ಲೆಕ್ಕ, ವೆಲ್ಡಿಂಗ್ ಕೂಲಿ ಮೇಲಿಂದ. ಇನ್ನು ಶೀಟಿನ ಅಗಲ: ಮೂರೂವರೆ ಅಡಿಯದು ಒಂದರ ಮೇಲೊಂದು ಬಂದ ಮೇಲೆ ಮುಚ್ಚುವುದು ಮೂರೂಕಾಲು ಅಡಿಯ ಆಸುಪಾಸು. ಫೋನಿನಲ್ಲಿ ಹೇಳಿದ ದರ ತಗಡಿಗೆ ಮಾತ್ರವೋ, ಚೌಕಟ್ಟು, ನೆತ್ತಿಯ ಪಟ್ಟಿ, ಸ್ಕ್ರೂ, ಸಾಗಾಟ ಸೇರಿಯೋ ಎಂದು ಬರೆಸಿಕೊಳ್ಳಿ.

ಹಳೆ ಸಿಮೆಂಟ್ ಶೀಟು ತೆಗೆಸುವವರು ಅದನ್ನು ಒಡೆದು ಕೆಳಗೆ ಎಸೆಯಲು ಬಿಡಬೇಡಿ. ಬಹುಪಾಲು ಹಳೆ ಶೀಟಿನಲ್ಲಿ ಕಲ್ನಾರು ಇದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ನೀರು ಹೊಡೆದು ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು, ಮೂಗಿಗೆ ಒಳ್ಳೆಯ ಮಾಸ್ಕ್ ಇರಬೇಕು. ಚೂರನ್ನು ಅಂಗಳದ ಗುಂಡಿಗೆ ತುಂಬಿಸುವುದೂ ಬೇಡ.

ಹಂಚು ಇಳಿಸುವ ಸುದ್ದಿ ಊರಲ್ಲಿ ಹಬ್ಬಿದ ಕೂಡಲೇ ಹಳೆ ಸಾಮಾನು ಕೊಳ್ಳುವವರು ಬರುತ್ತಾರೆ. ಹಂಚು, ಮರ ಎಲ್ಲ ನಾವೇ ಒಯ್ಯುತ್ತೇವೆ, ಕೀಳುವ ಕೂಲಿ ಕೊಡುವುದು ಬೇಡ ಎನ್ನುತ್ತಾರೆ. ಅವರ ಕಣ್ಣು ಇರುವುದು ತೊಲೆ, ಪಕ್ಕಾಸಿನ ಮೇಲೆ. ಹಲಸು, ತೇಗ, ಬೋಗಿ ಯಾವುದು ಎಷ್ಟಿದೆ ಎಂದು ಬಡಗಿಯಿಂದ ಅಳೆಸಿಕೊಂಡು, ಮರಕ್ಕೆ ಬೇರೆ ದರ, ಹಂಚಿಗೆ ಬೇರೆ ದರ ಕೇಳಿ.